ಮೂಸಿಯೇ ಹೆಸರಾದ ನಮ್ಮ ಮಾವ

ನಮ್ಮ ಸೋದರಮಾವ ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ. ಆದರೆ ಗೋವಾದ ಮೊಲೆಂ ಸುತ್ತಮುತ್ತ ಯಾವ ಭಟ್ಟಿಯಲ್ಲಿ ಗೇರುಹಣ್ಣಿನ ಫೆನ್ನಿ ಇಳಿದರೂ ಮೊದಲ ಗ್ಲಾಸು ಬರುವುದು ಅವರ ಮುಂದೆ! ಕೊರಳಲ್ಲಿ ಪಂಢರಪುರದ ತುಳಸಿಮಾಲೆ, ಹಣೆಯಲ್ಲಿ ವಿಠ್ಠಲನ ಕಪ್ಪು ಬುಕ್ಕ, ಕೈಯಲ್ಲಿ ಫೆನ್ನಿ. ಹೊಸಬರು ಕಂಡರೆ ಎದೆ ಒಡೆದುಕೊಳ್ಳಬೇಕು. ಮಾವ ಕಣ್ಣು ಮುಚ್ಚಿ ಮೂಸುತ್ತಾರೆ, ಗ್ಲಾಸನ್ನು ಎತ್ತರದಿಂದ ಕರಟಕ್ಕೆ ಸುರಿದು ಗುಳ್ಳೆ ಎಷ್ಟು ಹೊತ್ತು ನಿಂತೀತೆಂದು ನೋಡುತ್ತಾರೆ. ಆಮೇಲೆ, "ಉರಿ ಜಾಸ್ತಿ ಆಗೈತ್ರಿ, ಸ್ವಲ್ಪ ತಗ್ಗಿಸ್ರಿ" ಎಂದು ತೀರ್ಪು ಕೊಡುತ್ತಾರೆ. ಭಟ್ಟಿಯವರು ತಲೆಬಾಗಿ ಹೋಗುತ್ತಾರೆ.

"ಅಲ್ರಿ ಮಾಮಾ, ಮಾಲಿ ಹಾಕ್ಕೊಂಡವರು ಇದನ್ನ ಮುಟ್ಟಬಹುದೇನ್ರಿ?" ಎಂದು ಒಮ್ಮೆ ಕೇಳಿದೆ.

"ಪಾಂಡುರಂಗ ಕುಡೀಬ್ಯಾಡ ಅಂದಾನ. ಮೂಸಬ್ಯಾಡ ಅಂತ ಎಲ್ಲಿ ಅಂದಾನೋ ಅಳಿಯಾ?"

ಇಂಥ ಮೂಗು ಬಂದದ್ದು ಎಲ್ಲಿಂದ? ಸಿಮೆಂಟಿನಿಂದ! ವಿಜಯಪುರದ ಕಡೆಯಿಂದ ಅತ್ತೆಯ ಜೊತೆ ಗೋವಾಕ್ಕೆ ಬಂದ ಮಾವ, ಮೂವತ್ತು ವರ್ಷ ಫಾತೋರ್ಡಾದಲ್ಲಿ ಮಿಸ್ತ್ರಿ. ಕಲಸಿದ ಮಾಲನ್ನು ಅಂಗೈಯಲ್ಲಿ ಹಿಸುಕಿ, ಮೂಸಿ, ನೀರು ಹೆಚ್ಚಾಯಿತೆಂದು ಹೇಳುತ್ತಿದ್ದವರು. ಎರಡು ವರ್ಷದ ಹಿಂದೆ ಮೊಲೆಂ ಹತ್ತಿರದ ಒಂದು ಗೇರುತೋಪಿಗೆ ಕಾಂಪೌಂಡ್ ಕಟ್ಟಲು ಹೋದರು. ಹದಿನೈದು ದಿನದ ಕೆಲಸ. ಗೋಡೆ ಮುಗಿಯಿತು, ಮಾವ ವಾಪಸು ಬರಲಿಲ್ಲ! ಊಟ ಮಾಡಿ ಗೇರುಮರದ ಕೆಳಗೆ ಅಡ್ಡಾದವರಿಗೆ ಗಡದ್ದಾಗಿ ನಿದ್ದೆ ಬಂತಂತೆ. "ಹಗಲೊತ್ತಿನ್ಯಾಗ ಯಾರೂ ಎಬ್ಬಿಸಲಾರದ ನಾ ಮಲಗಿದ್ದ ಅವತ್ತ ಮೊದಲು" ಎನ್ನುತ್ತಾರೆ. ಎದ್ದವರೇ ತೋಪಿನ ಮಾಲೀಕರ ಬಳಿ ಹೋಗಿ ಕಾವಲು ಕೆಲಸ ಕೇಳಿದರು. ಅತ್ತೆಗೆ ಗಾರೆಕೆಲಸದ ಕೂಲಿ ಬಿಡುವ ಮನಸ್ಸಿಲ್ಲ, ಫಾತೋರ್ಡಾದ ಖೋಲಿಯಲ್ಲೇ ಉಳಿದರು. ಮಾವ ಭಾನುವಾರಕ್ಕೊಮ್ಮೆ ಬಂದುಹೋಗುವುದೆಂದು ಒಪ್ಪಂದವಾಯಿತು.

ಮೊದಲ ದಿನವೇ ಮಾವ ಬಿದಿರುಗಳ ಹಿಡಿದು ಅರ್ಧ ಗಿಡದ ಹಣ್ಣು ಉದುರಿಸಿದರಂತೆ. ಸ್ಲ್ಯಾಬು ಸಂಜೆಯೊಳಗೆ ಮುಗಿಯಬೇಕೆಂದು ಕಲಿತ ಕೈ, ಕೇಳಬೇಕಲ್ಲ! ಮಾಲೀಕರು ಓಡಿಬಂದು ಬೈದರು: ಗೇರುಹಣ್ಣನ್ನು ಕೀಳುವುದಿಲ್ಲ, ಬಡಿಯುವುದಿಲ್ಲ. ತಾನಾಗಿ ಬಿದ್ದದ್ದನ್ನು ಆರಿಸಿ, ಬೀಜ ತಿರುವಿ ತೆಗೆದು, ಬಂಡೆಯಲ್ಲಿ ಕೊರೆದ ತೊಟ್ಟಿಯಲ್ಲಿ ಹಾಕಿ ತುಳಿಯಬೇಕು. ಅಂದಿನಿಂದ ಮಾವ ಕಾಯುವುದನ್ನು ಕಲಿತರು. ಕಲಿತದ್ದು ಅತಿಯಾಯಿತು ಅನ್ನಿ! ನಸುಕಿನಲ್ಲಿ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ಎಲ್ಲೋ ತಪ್ ಎಂದರೆ, "ಬಾವಿ ಕಡೆ ಗಿಡ. ಕೆಂಪು ಹಣ್ಣು" ಎನ್ನುತ್ತಾರೆ. ಹೋಗಿ ನೋಡಿದರೆ ಹಳದಿ. "ಬಿದ್ದ ಮ್ಯಾಲೆ ಹಳದಿ ಆಗಿರಬೇಕು" ಎಂದು ಮತ್ತೆ ಕಣ್ಣು ಮುಚ್ಚುತ್ತಾರೆ.

ಇಷ್ಟು ಸುಖದಲ್ಲಿದ್ದ ಮನುಷ್ಯನ ಮೇಲೆ ಈ ಏಪ್ರಿಲಿನಲ್ಲಿ ಬರಬಾರದ ಆರೋಪ ಬಂತು. ಅತ್ತೆ ಫೋನು ಮಾಡಿದರು. "ನಿಮ್ಮ ಮಾಮಾ ಕುಡ್ಯಾಕತ್ತಾರ. ಮೂರು ಐತವಾರ ಆತು, ಸೆರೆ ಬಾಟ್ಲಿ ಮನೀಗೇ ತರ್ತಾರ. ನಾ ಮೋರಿಗೆ ಸುರದು ಬಾಗಲಾ ಹಾಕ್ಕೊಂಡೇನಿ. ಮಾಲಿ ಬಿಚ್ಚಿ ಕೊಡ್ರಿ, ನಾ ಒಬ್ಬಾಕಿನ ಪಂಢರಪುರಕ್ಕ ಹೋಗಿ ದೇವರ ಪಾದಕ್ಕ ಇಟ್ಟು ಬರ್ತೇನಿ ಅಂದೇನಿ. ಮಾಲಿ ಹರದವರ ಮಾರಿ ನಾ ನೋಡಂಗಿಲ್ಲ."

"ಅದಕ್ಕ ಮಾಮಾ ಏನಂದ್ರು?"

"ಏನಂತಾರ? ಖಾಲಿ ಚೀಲಾ ಹೆಗಲಿಗೆ ಹಾಕ್ಕೊಂಡು ಹೋದ್ರು. ನೀ ಹೋಗಿ ಖರೇ ಏನಂತ ನೋಡ್ಕೊಂಡು ಬಾ."

ಪ್ರತಿವರ್ಷ ಆಷಾಢಕ್ಕೆ ದಿಂಡಿಯ ಜೊತೆ ಪಂಢರಪುರಕ್ಕೆ ಜೋಡಿಯಾಗಿ ನಡೆದುಹೋಗುವವರು ಬೇರೆಯಾಗುವುದೆಂದರೇನು! ಪಣಜಿಯ ಲಾಡ್ಜಿನಲ್ಲಿ ಗುಮಾಸ್ತನಾದ ನಾನು ರಜೆ ಹಾಕಿ, ಪತ್ತೇದಾರನ ಗತ್ತಿನಲ್ಲಿ ಮೊದಲ ಬಸ್ಸು ಹತ್ತಿದೆ.

ತೋಪಿಗೆ ಕಾಲಿಟ್ಟರೆ ಆಹಾ, ಆ ವಾಸನೆ! ಇಡೀ ಗುಡ್ಡವೇ ಹಣ್ಣಾದಂತಿತ್ತು. ತುಳಿದ ಹಣ್ಣಿನ ಗುಪ್ಪೆಗೆ ಬಳ್ಳಿ ಬಿಗಿದು, ಮೇಲೆ ಕಲ್ಲು ಹೇರಿಟ್ಟಿದ್ದರು. ಅದರಿಂದ ತಿಳಿಯಾದ ರಸ ತೊಟತೊಟ ಇಳಿಯುತ್ತಿತ್ತು. ಅದಕ್ಕೆ ಇಲ್ಲಿ ನೀರೋ ಎನ್ನುತ್ತಾರೆ. ಮಾವ ಕರಟದಲ್ಲಿ ಹಿಡಿದು ಕೊಟ್ಟರು. ತಣ್ಣಗೆ, ಸಿಹಿಯಾಗಿ, ಗಂಟಲಲ್ಲಿ ಚೂರು ಒಗರು.

"ಇದರಾಗ ಅಮಲಿಲ್ಲೇನ್ರಿ?"

"ಹಣ್ಣಿನ ರಸಕ್ಕ ಎಲ್ಲೀ ಅಮಲು? ನಾನೂ ಕುಡೀತೇನಿ. ನಿಮ್ಮ ಅತ್ತೀಗೂ ಇದನ್ನ ಒಯ್ದಿದ್ದೆ. ಅಕಿಗೆ ಸೆರೆ ಅನಸ್ತು."

"ಹೇಳಬೇಕಿಲ್ರಿ ಮತ್ತ? ಮಾಲಿ ಮುಟ್ಟಿ ಆಣಿ ಮಾಡಬೇಕಿತ್ತು!"

"ಮಾಲಿ ಮುಟ್ಟಿ ಆಣಿ ಮಾಡಬಾರದಪಾ" ಎಂದು ಮಾವ ಮುಖ ತಿರುಗಿಸಿದರು.

ಸಾಕ್ಷಿಗೆಂದು ಒಂದು ಬಾಟಲಿ ನೀರೋ ತುಂಬಿಸಿ, ಬಾಯಿಗೆ ಬಟ್ಟೆ ತುರುಕಿ ಬಿಗಿದುಕೊಂಡೆ. ಕೇಸು ಗೆದ್ದ ಸಂತೋಷಕ್ಕೆ ಪಕ್ಕದ ಭಟ್ಟಿಗೆ ಹೋದೆ. ಮೊದಲ ಇಳಿವಿನ ಸೆರೆ ಹುರಾಕ್, ಲಿಂಬೆರಸ, ಸೋಡಾ, ಸೀಳಿದ ಒಂದು ಹಸಿಮೆಣಸಿನಕಾಯಿ. ನನಗೇನು ಮಾಲೆಯೇ? ಎರಡನೇ ಗ್ಲಾಸಿಗೆ ಎಲೆಗಳೆಲ್ಲ ನನ್ನ ಪರಿಚಯದವರಂತೆ ಕಂಡವು. ಮರದ ಕೆಳಗೆ ಅಡ್ಡಾದೆ. ಗಾಳಿ ಬಂದು ಹೋಯಿತು, ಹಣ್ಣೊಂದು ಬಿತ್ತು, ದೂರದಲ್ಲಿ ದನದ ಗಂಟೆ. ಲಾಡ್ಜು, ಮ್ಯಾನೇಜರು, ಯಾವುದೂ ಎಲ್ಲಿಯೂ ಇರಲಿಲ್ಲ. ಮಾವ ಯಾಕೆ ವಾಪಸು ಬರಲಿಲ್ಲವೆಂದು ಆಗ ತಿಳಿಯಿತು.

ಸಂಜೆ ಫಾತೋರ್ಡಾದಲ್ಲಿ ಇಳಿದು, ಠೀವಿಯಿಂದ ಬಾಟಲಿ ಅತ್ತೆಯ ಮುಂದಿಟ್ಟೆ. "ನೋಡ್ರಿ ಅತ್ತಿ, ಬರೇ ಹಣ್ಣಿನ ರಸ!"

ಅತ್ತೆ ಬಟ್ಟೆ ಎಳೆದರು. ಬುಸ್ಸೆಂದು ನೊರೆ ಉಕ್ಕಿ ಗೋಡೆಯ ಕ್ಯಾಲೆಂಡರು ತೋಯಿತು. ಅತ್ತೆ ಮೂಗು ಮುಚ್ಚಿಕೊಂಡು ನನ್ನ ಹತ್ತಿರ ಬಂದರು. ನನ್ನ ಬಾಯಿಂದ ಇನ್ನೊಂದು ವಾಸನೆ!

"ಅಯ್ಯ ಶಿವನ, ಅಳಿಯಗೂ ಹಚ್ಚಿಬಿಟ್ಟಾರ!"

ನನ್ನ ಅಮಲು ಜರ್ರನೆ ಇಳಿಯಿತು. ಬೆಳಿಗ್ಗೆ ಸಕ್ಕರೆಯಂತಿದ್ದ ರಸ ಬಿಸಿಲಲ್ಲಿ, ಬಸ್ಸಿನಲ್ಲಿ ಕುಲುಕಿ ಹುಳಿ ಬಂದಿತ್ತು. ಮಾವನದೂ ಹೀಗೇ ಆಗಿತ್ತು. ಊರವರ ಗ್ಲಾಸೆಲ್ಲ ಮೂಸುವ ಮಹಾನುಭಾವ ತನ್ನ ಚೀಲವನ್ನು ಮೂಸಿರಲಿಲ್ಲ! ಭಟ್ಟಿಯವರನ್ನು ಒಂದು ಮಾತು ಕೇಳಿದ್ದರೆ, ಮಧ್ಯಾಹ್ನ ದಾಟಿದರೆ ನೀರೋ ನಿಲ್ಲದೆಂದು ಹೇಳುತ್ತಿದ್ದರು. ಹೆಂಡತಿಗೆ ಒಯ್ಯುತ್ತೇನೆಂದು ಹೇಳಲು ಮಾವನಿಗೆ ನಾಚಿಕೆ.

ಕೈಕಾಲು ಹಿಡಿದು ಮರುದಿನ ಮೊದಲ ಬಸ್ಸಿಗೆ ಅತ್ತೆಯನ್ನು ಹತ್ತಿಸಿದೆ. ದಾರಿಯುದ್ದಕ್ಕೂ ಅವರು ಮೂಗಿಗೆ ಸೆರಗು ಹಿಡಿದೇ ಇದ್ದರು.

ನಮ್ಮನ್ನು ಕಂಡ ಮಾವ ಕರಟ ತೊಳೆದು, ಇಳಿಯುತ್ತಿದ್ದ ರಸಕ್ಕೆ ಒಡ್ಡಿ, ತುಂಬುವವರೆಗೆ ಹಿಡಿದು ನಿಂತರು. ಅತ್ತೆಯ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಅತ್ತೆ ಮೂಸಿದರು. ಒಂದು ಗುಟುಕು ಕುಡಿದರು. ಇನ್ನೊಂದು. ಕರಟ ಖಾಲಿಯಾಯಿತು.

"ಇದನ್ನೇನ್ರಿ ನೀವು ಮೂರು ವಾರ ಹೊತ್ತು ತಂದಿದ್ದು?" ಅತ್ತೆಯ ದನಿ ಸಣ್ಣಗಾಗಿತ್ತು. "ನಾ ಮೋರಿಗೆ ಸುರದೆ."

"ಆಗ್ಲಿ ಬಿಡು" ಎಂದರು ಮಾವ.

ಅತ್ತೆಗೆ ಏನು ಮಾಡಬೇಕೋ ತೋಚಲಿಲ್ಲ. ಆರಿಸಿದ ಹಣ್ಣಿನ ಬುಟ್ಟಿ ಅಲ್ಲೇ ಇತ್ತು. ಸೆರಗಿನಿಂದ ಸಿಂಬಿ ಸುತ್ತಿ ನೆತ್ತಿಯ ಮೇಲಿಟ್ಟುಕೊಂಡು, ಎತ್ತಲು ಬಗ್ಗಿದರು. ಮಾವ ಓಡಿಬಂದು ಸಿಂಬಿ ಬಿಡಿಸಿದರು. ಅಲ್ಲಿ, ನಡುನೆತ್ತಿಯಲ್ಲಿ, ಮೂವತ್ತು ವರ್ಷ ಮಾವ ಹಾಕಿದ ಸ್ಲ್ಯಾಬುಗಳಿಗೆಲ್ಲ ಮಾಲು ಹೊತ್ತು, ಅಂಗೈಯಗಲ ಕೂದಲೇ ಇರಲಿಲ್ಲ. ಮಾವ ಆ ಜಾಗದ ಮೇಲೆ ಒಮ್ಮೆ ಕೈಯಿಟ್ಟರು. ನಾನಿದ್ದೇನೆಂಬುದನ್ನೂ ಮರೆತರು.

"ನನ್ನ ಜೋಡಿ ಹೊತ್ತದ್ದು ಸಾಕು. ನೀ ಕುಂಡ್ರು" ಎಂದು ಬುಟ್ಟಿಯನ್ನು ತಾವೇ ತಲೆಗೇರಿಸಿಕೊಂಡು, ಓಲಾಡುತ್ತ ತೊಟ್ಟಿಯ ಕಡೆ ನಡೆದರು.

ಅತ್ತೆ ಕೂತರು. ಕೆಲಸ ನಡೆಯುವ ಜಾಗದಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.