ಟಾಕಿ ಕಟ್ಟಿ ಮ್ಯಾಲಿನ ಅಂಗನವಾಡಿ

ಮಂದೀದು ಯಾವಾಗರ ಒಮ್ಮೆ ಮಾನ ಹೋಗತೈತಿ. ಅಂಗನವಾಡಿ ಅಕ್ಕೋರದು ಹಂಗಲ್ರಿ, ಹಾಜರಿ ಹಾಕಿದಂಗ ದಿನಾ ಹೋಗತೈತಿ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟಿನ ಹಿಂದಿನ ಓಣಿಯೊಳಗ ನಂದೊಂದು ಅಂಗನವಾಡಿ ಐತಿ. ಓಣಿ ಹೆಣ್ಮಕ್ಕಳೆಲ್ಲಾ ಗೋದಾಮಿನ್ಯಾಗ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗತಾರ. ಹೋಗೋ ಮುಂದ ಕೂಸುಗಳನ್ನ ನನ್ನ ಉಡಿಯಾಗ ಹಾಕಿ ಹೋಗತಾರ.

ನಾ ಕೆಲಸಕ್ಕ ಸೇರಿದಾಗ ಕೂಸು ನೋಡ್ಕೊಳ್ಳೋದ ಕೆಲಸ ಇತ್ತು. ಈಗ ಕೂಸು ನೋಡ್ಕೊಂಡೇನಿ ಅಂತ ತೋರಸೋದು ಕೆಲಸ. ತೂಕಕ್ಕೊಂದು ರಿಜಿಸ್ಟರ್, ತತ್ತಿಗೊಂದು ರಿಜಿಸ್ಟರ್, ರಿಜಿಸ್ಟರ್ ಎಷ್ಟದಾವಂತ ಬರಿಯಾಕ ಇನ್ನೊಂದು. ಎಲ್ಲಾ ಬರದು ಬೆರಳು ಮರಗಟ್ಟಿದ ಮ್ಯಾಲ ಅದನ್ನ ಮೊಬೈಲಿನ್ಯಾಗೂ ತುಂಬಬೇಕು. ಹೊಸಾ ನಿಯಮದಾಗ, ಮೊಬೈಲಿಗೆ ಮುಖಾ ಕಾಣದ ಕೂಸು ಬಂದಂಗಲ್ಲ. ಹಾಜರಿ ಕಡಿಮಿ ಬಿದ್ರ ಕೇಂದ್ರ ಮುಚ್ಚಿ ರೈಲ್ವೆ ಗೇಟಿನ ಆಚೀಕಿನ ಕೇಂದ್ರಕ್ಕ ಸೇರಸ್ತಾರಂತ. ಹಳಿ ದಾಟಿಸಿ ಕೂಸುಗಳನ್ನ ದಿನಾ ಯಾರ್ ಬಿಟ್ಟು ಬರ್ತಾರ್ರೀ? ಅವ್ವಂದಿರು ಗೋದಾಮಿಗೇ ಹೊತ್ಕೊಂಡು ಹೋಗಿ ಮೆಣಸಿನಕಾಯಿ ರಾಶಿ ಬಾಜೂಕ ಮಲಗಸ್ತಾರ. ಅದೊಂದು ಆಗಬಾರದಂತ ನಾ ಮೊಬೈಲ್ ಹಿಡ್ಕೊಂಡು ಏನೇನ್ ಮಾಡಿಕೊಂಡೆ, ಹೇಳಾಕ ನಾಚಿಕಿ ಬರತೈತಿ. ಆದ್ರೂ ಕೇಳ್ರಿ.

೧. ಯಾರು ಹೋದ್ರು?

ಬಾಣಂತೇರಿಗೆ ಕಾಳು, ಬೆಲ್ಲ ಕೊಡಬೇಕಂದ್ರ ಮೊದಲ ಅವರ ಮುಖಾ ಮೊಬೈಲಿಗೆ ತೋರಸಬೇಕು. ಮೊಬೈಲ್ 'ಕಣ್ಣು ಪಿಳುಕಿಸಿ' ಅಂತೈತಿ, ಅವರು ಪಿಳುಕಸಬೇಕು. ಇಷ್ಟ. ಒಂದಿನ ಒಬ್ಬ ಬಾಣಂತಿ ಗೋದಾಮಿನಿಂದ ಸೀದಾ ಓಡಿ ಬಂದ್ಲು. ಮುಖಕ್ಕ ಕಟ್ಟಿದ ಟವೆಲ್ ಬಿಚ್ಚಿದ್ಲು ನೋಡ್ರಿ, ಕಣ್ಣು ಮೆಣಸಿನಕಾಯಿಕಿಂತ ಕೆಂಪ. ನೀರು ದಳದಳ ಸುರಿಯಾಕತ್ತಾವ. ಪಿಳುಕಸು ಅಂದ್ರ ಪಿಳುಕಸೋದು ನಿಲ್ಲಸವಲ್ಲಳು. ಮೊಬೈಲ್ 'ಇವರು ಅವರಲ್ಲ' ಅಂತು.

"ಸೆರಗಿಲೆ ಒರಸ್ಕೋ ತಂಗಿ" ಅಂದೆ. ಸೆರಗಿನ ತುಂಬ ಮೆಣಸಿನ ಧೂಳು! ಒರಸ್ಕೊಂಡಾಕಿ "ಅಯ್ಯಯ್ಯೋ ಅವ್ವಾ" ಅಂತ ಕುಂತಬಿಟ್ಲು. ನಾ ಕೈಲೆ ಒರಸಾಕ ಹೋದೆ, ಅದ ಕೈ ನನ್ನ ಕಣ್ಣಿಗೆ ಹತ್ತಿತು. ನಮ್ಮಿಬ್ಬರಿಗೂ ಒರಸಾಕ ಬಂದ ಕೇಂದ್ರದ ಆಯಾಗೂ ಹತ್ತಿತು. ಮೂರೂ ಮಂದಿ ಬಾಗಲ ಮೆಟ್ಟಲ ಮ್ಯಾಲ ಕುಂತು ಗೊಳೋ ಅಂತ ಕಣ್ಣೀರ ಹಾಕಾಕತ್ತಿದ್ವಿ.

ಹಾದ್ಯಾಗ ಹೊಂಟಿದ್ದ ಹಿರಿಯಾರೊಬ್ಬರು ನಿಂತ್ರು. ಟೊಪ್ಪಿಗಿ ತಗದ್ರು. "ಸಮಾಧಾನ ಮಾಡ್ಕೋರಿ ತಾಯಿ. ಎಲ್ಲಾರಿಗೂ ಇದ್ದದ್ದ. ಯಾರು ಹೋದ್ರು?" ಅಂದ್ರು.

"ಯಾರೂ ಇಲ್ರೀ ಯಜಮಾನ್ರ, ಫೋಟೋ ಹೊಂದವಲ್ದು" ಅಂದೆ, ಮೂಗು ಸೀಟಿಕೊಂತ.

ಅವರು ತಲಿ ಅಲ್ಲಾಡಿಸಿ ಅಂದ್ರು: "ಅದಕ್ಕ್ಯಾಕ ಅಳ್ತೀರಿ? ಆಧಾರ್ ಕಾರ್ಡಿನ್ಯಾಗಿಂದ ದೊಡ್ಡದು ಮಾಡಿಸಿ ಹಾರಾ ಹಾಕ್ರಿ. ಎಲ್ಲಾರೂ ಹಂಗ ಮಾಡ್ತಾರ."

೨. ಘಾಟು

ನಮ್ಮ ಓಣಿ ಮುದುಕಿಯೊಬ್ಬಾಕಿಗೆ ಮೊಮ್ಮಗಳಂದ್ರ ಪಂಚಪ್ರಾಣ. ದಿನಾ ಫೋಟೋ ತಗದ್ರ ಕೂಸಿಗೆ ದೃಷ್ಟಿ ಆಗತೈತಿ ಅಂತ ಆಕಿ ಹುಡುಗಿ ಗಲ್ಲಕ್ಕ ರೂಪಾಯಿ ಅಗಲದ ಕಾಡಿಗಿ ಬೊಟ್ಟು ಇಟ್ಟು ಕಳಸತಿದ್ಲು. ಮೊಬೈಲಿಗೆ ಗುರ್ತ ಸಿಗಲಿಲ್ಲ. ನಾ ಹಸಿ ಅರಿವಿಲೆ ಬೊಟ್ಟು ಒರಸಿ ಫೋಟೋ ತಗದೆ. ಅವತ್ತ ರಾತ್ರಿ ಹುಡುಗಿ ಉಣಲಿಲ್ಲಂತ.

ಮುದುಕಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲಿಯಾಗ ಒಗದಾಳ. ಘಾಟು ಬರಲಿಲ್ಲ! ಘಾಟು ಬಂದ್ರ ದೃಷ್ಟಿ ಇಲ್ಲ, ಬರಲಿಲ್ಲಂದ್ರ ದೃಷ್ಟಿ ಜಬರದಸ್ತ ಐತಿ ಅನ್ನೋದು ಎಲ್ಲಾರಿಗೂ ಗೊತ್ತಿದ್ದದ್ದ. ಮುಂಜಾನೆ ನಳದ ಮುಂದ ನಿಂತು ಸಾರಿದ್ಲು: "ನೀವು ಒಬ್ಬರರ ಸೀನೀರೇನು ಹೇಳ್ರಿ! ಅಕ್ಕೋರ ಕಣ್ಣು ಎಂಥಾದ್ದಿರಬೇಕವ್ವಾ!"

ಮರುದಿನ ಕೇಂದ್ರಕ್ಕ ಒಂದೂ ಕೂಸು ಬರಲಿಲ್ಲ. ನಾ ಓಣಿಯಾಗ ಹೊಂಟ್ರ ಅವ್ವಂದಿರು ಮಕ್ಕಳನ್ನ ಸೆರಗಿನ್ಯಾಗ ಮುಚ್ಚಿಕೊಳ್ಳಾಕತ್ತಿದ್ರು. ಮಕ್ಕಳು ಅಂದ್ರ ಜೀವಾ ಬಿಡೋ ನನ್ನ ಕಣ್ಣು ಕೆಟ್ಟದಂತ! ಖಾಲಿ ಚಾಪಿ ಮ್ಯಾಲ ಕುಂತು ಅತ್ತೆ. ಈ ಸರ್ತಿ ಖರೇನ ಅತ್ತೆ.

ಆಯಾ ಅಂದ್ಲು: "ಅಳಬ್ಯಾಡ್ರಿ ಅಕ್ಕೋರ. ಆಕಿ ಸುಟ್ಟದ್ದು ಬ್ಯಾಡಗಿ ಕಾಯಿ. ಬಣ್ಣ ನೋಡಿ ಹೆದರಬೇಕ ಹೊರ್ತು ಅದರಾಗ ಖಾರ ಎಲ್ಲೈತಿ? ಗುಂಟೂರು ಕಾಯಿ ತರ್ತೇನಿ, ತಡೀರಿ."

ಮಾರ್ಕೆಟಿನಿಂದ ಒಂದು ಮುಷ್ಟಿ ಗುಂಟೂರು ಕಾಯಿ ತಂದ್ಲು. ಇಬ್ಬರೂ ಮುದುಕಿ ಮನಿಗೆ ಹೋದ್ವಿ. "ಅಜ್ಜಿ, ತಪ್ಪಾತು. ಇದರಿಂದ ಇನ್ನೊಮ್ಮೆ ದೃಷ್ಟಿ ತಗೀರಿ" ಅಂತ ಕೈ ಮುಗದೆ. ಮುದುಕಿ ನಿವಾಳಿಸಿ ಒಲಿಗೆ ಹಾಕಿದ್ಲು. ಏನ್ ಹೇಳ್ಲಿ! ನಾವು ಹೊರಗ ಓಡಿದ್ವಿ, ಬಾಜೂಮನಿಯವರು ಓಡಿದ್ರು, ಹಿತ್ತಲದಾಗಿನ ಎಮ್ಮಿ ಹಗ್ಗ ಹರಕೊಂಡು ಓಡಿತು. ಮುದುಕಿ ರಸ್ತೆದಾಗ ಕುಂತು ಕೆಮ್ಮಿ ಕೆಮ್ಮಿ ನಕ್ಕೊಂತ ಅಂದ್ಲು, "ಹೋತವ್ವಾ, ಹೋತು! ಇಂಥಾ ದೃಷ್ಟಿ ನನ್ನ ಜೀವಮಾನದಾಗ ತಗದಿದ್ದಿಲ್ಲ!"

ಮರುದಿನ ಎಲ್ಲಾ ಕೂಸುಗಳು ಬಂದ್ವು. ಮುದುಕಿ ಮಾತು ಕೇಳಿ, ಎಲ್ಲಾರ ಗಲ್ಲದ ಮ್ಯಾಲೂ ರೂಪಾಯಿ ಅಗಲದ ಬೊಟ್ಟು. ಮೊಬೈಲ್ ಒಂದನ್ನೂ ಗುರ್ತ ಹಿಡೀಲಿಲ್ಲ.

೩. ನಮಸ್ಕಾರ

ಬೊಟ್ಟು ಗಲ್ಲದಿಂದ ಕಿವಿ ಹಿಂದಕ್ಕ ಸರಸ್ರಿ ಅಂತ ಒಪ್ಪಸೂತನಾ ಸಾಕುಬೇಕಾತು. ಮುಖಾ ಹೊಂದಿದ್ವು, ಈಗ ಫೋಟೋ ಕಳಸಾಕ ನೆಟ್ ಇಲ್ಲ. ನಮ್ಮ ಕೇಂದ್ರದಾಗ ನೆಟ್ ಸಿಗೋದು ಕನಸಿನ್ಯಾಗ ಮಾತ್ರ. ಓಣಿ ತುದೀಗೆ ನೀರಿನ ಟಾಕಿ ಐತಿ, ಅದರ ಕಟ್ಟಿ ಹತ್ತಿ, ಮೊಬೈಲ್ ಹಿಡದ ಕೈ ಮ್ಯಾಲಕ್ಕೆತ್ತಿ ಆ ಕಡೆ ಈ ಕಡೆ ಆಡಿಸಿದ್ರ ಫೋಟೋ ಹೋಗತಾವ. ದಿನಾ ಹಂಗ ಮಾಡ್ತಿದ್ದೆ.

ಎದುರಿಗಿನ ಮನಿ ಜಗಲಿ ಮ್ಯಾಲ ಒಬ್ಬ ಅಜ್ಜ ಕುಂದರತಿದ್ದ, ಹಮಾಲಿ ಮಾಡಿ ಬಿಟ್ಟಾಂವ. ನಾ ಕೈ ಎತ್ತಿದ್ರ ಅಂವಾನೂ ಎತ್ತತಿದ್ದ. ನನ್ನ ಗ್ಯಾನ ಮೊಬೈಲಿನ್ಯಾಗ, ಯಾರಿಗೊತ್ತು? ಬರಬರತ ಅಜ್ಜ ಒಗದ ಧೋತರ ಉಟ್ಕೊಂಡು, ಎಣ್ಣಿ ಹಚ್ಚಿ ತಲಿ ಬಾಚ್ಕೊಂಡು ಕುಂದರಾಕತ್ತಿದ.

ಒಂದಿನ ಅವ್ವಂದಿರೆಲ್ಲಾ ಕೂಸು ಬಿಡಾಕ ಬಂದಿದ್ದಾಗ ಅಜ್ಜನ ಹೆಂಡ್ತಿ ಸೊಂಟಕ್ಕ ಸೆರಗ ಕಟ್ಟಿಕೊಂಡು ಬಂದ್ಲು. "ಏನ್ರೀ ಅಕ್ಕೋರ, ನಮ್ಮನ್ಯಾಗಿನವರಿಗೆ ದಿನಾ ಕೈ ಮಾಡ್ತೀರಂತಲ್ಲ, ಏನ್ ಸಮಾಚಾರ?"

"ಅಯ್ಯ ಶಿವನ! ನಾ ನೆಟ್ ಹುಡಕತಿದ್ದೇನ್ರೀ ಅಜ್ಜಿ!"

"ಏನರ ಹುಡುಕ್ರಿ. ನನ್ನ ಬಾಗಲ ಮುಂದ ಹುಡುಕಬ್ಯಾಡ್ರಿ."

ಹಿಂದ ಬಂದ ಅಜ್ಜ ಮೆಲ್ಲಕ ಅಂದ, "ಹೆಣ್ಮಗಳು ನಮಸ್ಕಾರ ಮಾಡಿದ್ಲಂತ ತಿರುಗಿ ಮಾಡಿದೆ. ಮರ್ಯಾದಿ ಬ್ಯಾಡೇನು?"

ಮರ್ಯಾದಿ! ಅವ್ವಂದಿರು ಬಾಯಿಗೆ ಸೆರಗ ಒತ್ತಿಕೊಂಡು ಕಿಸಿಕಿಸಿ ನಗತಿದ್ರು, ನಾ ಬೆವರತಿದ್ದೆ. ಮರುದಿನ ನೋಡತೇನಿ, ಟಾಕಿ ಕಟ್ಟಿ ತುಂಬ ಅಜ್ಜಿ ಮೆಣಸಿನಕಾಯಿ ಒಣಗ ಹಾಕ್ಯಾಳ. ಕಾಲಿಡಾಕ ಜಾಗ ಇಲ್ಲ. ಅವತ್ತಿಂದ ನನ್ನ ಕೂಸುಗಳು ಮೊಬೈಲಿನ್ಯಾಗ ಗೈರುಹಾಜರಿ, ಅಜ್ಜ ಜಗಲಿ ಮ್ಯಾಲ ಗೈರುಹಾಜರಿ.

೪. ಬೀಗರ ಎಲಿ

ಅದ ವಾರ ರಾಣೇಬೆನ್ನೂರಾಗ ನಮ್ಮ ಮನಿಯವರ ಅಕ್ಕನ ಮಗಳ ಮದುವಿ. ನಾವು ಹೆಣ್ಣಿನ ಕಡೆಯವರು. ಬೀಗರ ಪಂಕ್ತಿ ಕುಂತಿತ್ತು. ಎಲಿ ತುಂಬ ಹೋಳಗಿ, ತುಪ್ಪ, ಪಲ್ಯ. ನಾ ನೀರು ಕೊಡಾಕ ನಿಂತಿದ್ದೆ.

ನಮ್ಮ ಕೇಂದ್ರದ ಪದ್ಧತಿ ಏನಂದ್ರ, ಗಂಗಾಳಕ್ಕ ನೀಡಿದ ಮ್ಯಾಲ ಮಕ್ಕಳು ಕೈ ಮ್ಯಾಲಕ್ಕೆತ್ತಿ ಕುಂದ್ರಬೇಕು. ಊಟದ ಫೋಟೋ ಆಗಬೇಕು, ಆಮ್ಯಾಲ ಉಣಬೇಕು. ತುತ್ತು ಮುರದ್ರ ಫೋಟೋ ಕೆಡತೈತಿ. ಬೀಗರು, ಅಂದ್ರ ವರನ ಅಪ್ಪ, ಹೋಳಗಿಗೆ ಕೈ ಹಚ್ಚಿದ್ರು ನೋಡ್ರಿ, ನನ್ನ ಬಾಯಿಂದ ಥಟ್ಟನ ಬಂದಬಿಟ್ಟಿತು: "ಏಯ್! ಕೈ ತಗಿ! ಫೋಟೋ ಆಗಿಲ್ಲ!"

ಇಡೀ ಪಂಕ್ತಿ ಕೈ ಮ್ಯಾಲಕ್ಕೆತ್ತಿತು. ತುಪ್ಪ ನೀಡಾಂವ ನಿಂತಲ್ಲೇ ನಿಂತ. ನಾ ಆಗಲೇ ಮೊಬೈಲ್ ತಗದು ಹಿಡದಿದ್ದೆ. ಆವಾಗ ಎಚ್ಚರಾತು. ನೆಲ ಬಾಯಿ ಬಿಟ್ಟಿದ್ರ ಒಳಗ ಹೋಗಿಬಿಡತಿದ್ದೆ. ಬೀಗರು ಕೈ ಮ್ಯಾಲ ಇಟ್ಕೊಂಡ ಕೇಳಿದ್ರು, "ಈಗ ಉಣಬಹುದೇನ್ರಿ?" ಅವರ ಬಾಜೂಕ ಕುಂತಿದ್ದ ಚಷ್ಮಾದ ಹೆಣ್ಮಗಳು ಊಟಾ ಬಿಟ್ಟು ನನ್ನ ಮುಖಾನ ನೋಡಾಕತ್ತಿದ್ರು.

ಬ್ಯಾಡಗಿ ಬಂತು. ಬಸ್ ಇಳದ ಮ್ಯಾಲ ನಮ್ಮ ಮನಿಯವರು ಅಂದ್ರು: "ಮುಂದಿನ ಮದುವಿಗೆ ಮೊಬೈಲ್ ಒಂದ ಕಳಸೂಣು. ನೀ ಬರಬ್ಯಾಡ."

೫. ಮೇಡಮ್ಮಾರು

ಮೊಬೈಲಿನ್ಯಾಗ ನಮ್ಮ ಕೇಂದ್ರ ಖಾಲಿ ಕಾಣಾಕತ್ತಿತ್ತಲ್ಲ, ಹಾವೇರಿಯಿಂದ ಇಲಾಖೆ ಮೇಡಮ್ಮಾರು ತಪಾಸಣಿಗೆ ಬಂದ್ರು. ಜೀಪಿನಿಂದ ಇಳದ್ರು. ಅದ ಚಷ್ಮಾ! ನಾ ಮೊಬೈಲ್ ಬೆನ್ನ ಹಿಂದ ಇಟ್ಕೊಂಡೆ.

"ನಮ್ಮಣ್ಣನ ಕೈ ಎಲಿ ಮ್ಯಾಲಿಂದ ತಗಸಿದವರು ನೀವ ಹೌದಲ್ರೀ?" ಅಂದ್ರು.

"ಹೌದ್ರಿ" ಅಂದೆ. ಇನ್ನೇನ್ ಅನ್ಲಿ?

"ಇರಲಿ. ನಿಮ್ಮ ಹಾಜರಿ ಸೊನ್ನಿ ಐತಿ. ಇವತ್ತರ ಫೋಟೋ ಮುಟ್ಟಬೇಕು. ಇಲ್ಲಂದ್ರ ಸಂಜೀಕ ಮುಚ್ಚೋ ವರದಿ ಕಳಸಬೇಕಾಗತೈತಿ."

"ಮಕ್ಕಳು ಇಲ್ಲೇ ಕುಂತಾವಲ್ರೀ ಮೇಡಂ!"

"ನನಗ ಕಾಣತಾವ. ಮೊಬೈಲಿಗೆ ಕಾಣಬೇಕಲ್ಲ?" ಅಂದ್ರು. ಅವರ ದನಿಯಾಗೂ ಬ್ಯಾಸರಕಿ ಇತ್ತು. ಬಾಗಲದಾಗ ನಿಂತಿದ್ದ ಅವ್ವಂದಿರ ಮುಖಾ ಸಣ್ಣಾದ್ವು.

ಮೇಡಮ್ಮಾರು ಬೊಟ್ಟಿನ ಹುಡುಗಿನ, ಅಂದ್ರ ಮುದುಕಿ ಮೊಮ್ಮಗಳನ್ನ ಕರದು, "ಇಲ್ಲಿ ಏನಾಟಾ ಆಡ್ತೀರಿ ಪುಟ್ಟಿ?" ಅಂದ್ರು.

"ಅಂಗನವಾಡಿ ಆಟ" ಅಂದ್ಲು.

"ಆಡಿ ತೋರಸು ನೋಡೂಣು."

ಹುಡುಗಿ ಬರಿಯೋ ಪಾಟಿ ತಗೊಂಡ್ಲು. ಮೊಬೈಲ್ ಹಿಡದಂಗ ಮುಖದ ಮುಂದ ಹಿಡದ್ಲು. ಇನ್ನೊಂದು ಕೂಸಿನ ಗದ್ದಾ ಹಿಡದು, "ಈ ಕಡೆ ನೋಡು. ಕಣ್ಣು ಪಿಳುಕಸು. ಈಗ ಅಳಬ್ಯಾಡ, ಫೋಟೋ ಹೋದಮ್ಯಾಲ ಅಳು" ಅಂದ್ಲು. ಪಾಟಿ ಮ್ಯಾಲಕ್ಕೆತ್ತಿ, "ಅಯ್ಯ ಶಿವನ, ಇದಕ್ಕೇನ್ ಬ್ಯಾನಿ ಬಂದೈತಿ" ಅಂತ ಹಣಿ ಬಡಕೊಂಡ್ಲು. ಥೇಟ್ ನಾನ! ಅಷ್ಟರಾಗ ಒಬ್ಬ ಹುಡುಗ ಟವೆಲ್ ಸೆರಗಿನಂಗ ಹೊತ್ಕೊಂಡು ಅವ್ವ ಆಗಿ ಬಂದು, "ಅಕ್ಕೋರ, ನನ್ನ ಮಗಾ ಎಲ್ಲದಾನ್ರಿ?" ಅಂದ. ಹುಡುಗಿ ಪಾಟಿ ಬಿಟ್ಟು ತಲಿ ಎತ್ತಲಿಲ್ಲ. "ಇಲ್ಲೇ ಫೋಟೋದಾಗ ಅದಾನ ನೋಡವ್ವಾ" ಅಂದ್ಲು.

ಅವ್ವಂದಿರು ಬಿದ್ದು ಬಿದ್ದು ನಕ್ರು. ನನಗ ನಗಿ ಬರಲಿಲ್ಲ. ಬೀಗರ ಮುಂದ ಆದ ನಾಚಿಕಿ ಇದರ ಮುಂದ ಏನೂ ಅಲ್ಲ. ಈ ಕೂಸುಗಳು ನನ್ನ ಮುಖಾ ನೋಡಿದ್ದು ಕಡಿಮಿ, ಮೊಬೈಲಿನ ಬೆನ್ನು ನೋಡಿದ್ದ ಹೆಚ್ಚು.

ಮೇಡಮ್ಮಾರೂ ನಗಲಿಲ್ಲ. ಕೈ ಚಾಚಿ, "ಕೊಡ್ರಿ ಮೊಬೈಲ್, ನಾ ಕಳಸ್ತೇನಿ" ಅಂದ್ರು. ಒಳಗ ತಿರುಗಿದ್ರು, ಹೊರಗ ತಿರುಗಿದ್ರು, ನೆಟ್ ಇಲ್ಲ. ಹುಡುಗಿ ಅವರ ಸೀರಿ ಜಗ್ಗಿ, "ಮೇಡಂ, ಟಾಕಿ ಕಟ್ಟಿ" ಅಂದ್ಲು.

ಬ್ಯಾಡ್ರಿ ಅನ್ನೋದರಾಗ ಮೇಡಮ್ಮಾರು ಚಪ್ಪಲಿ ಬಿಟ್ಟು, ನಿರಿಗಿ ಎತ್ತಿ ಹಿಡದು, ಕೆಂಪು ಮೆಣಸಿನಕಾಯಿ ನಡುವ ಹತ್ತಿ ನಿಂತಬಿಟ್ರು. ಕೈ ಮ್ಯಾಲಕ್ಕೆತ್ತಿ ಆ ಕಡೆ ಈ ಕಡೆ ಆಡಿಸಿದ್ರು. ಎದುರಿಗೆ ಕಿಟಕ್ಯಾಗ ಅಜ್ಜನ ಮುಖಾ ಕಾಣಿಸ್ತು. ಅಂವಾ ಹಿಂದ ಒಮ್ಮೆ ತಿರುಗಿ ನೋಡಿ, ಮೆಲ್ಲಕ ತಾನೂ ಕೈ ಎತ್ತಿದ.

ಅಜ್ಜಿ ಕಸಬರಗಿ ಹಿಡ್ಕೊಂಡ ಹೊರಗ ಬಂದ್ಲು. "ಇಳೀರಿ ಕೆಳಗ!"

"ನಾ ಆಫೀಸರ್ ಅದೇನ್ರೀ ಅಮ್ಮಾ, ನೆಟ್ ಹುಡುಕಾಕತ್ತೇನಿ!"

"ಮೊದಲನೇಕಿನೂ ಇದನ್ನ ಹೇಳಿದ್ಲು!"

"ಕೈ ಇಳಸಬ್ಯಾಡ್ರಿ ಮೇಡಂ, ಇಳಿಸಿದ್ರ ಹೋಗಂಗಿಲ್ಲ!" ಅಂತ ನಾ ಕೆಳಗಿಂದ ಒದರಿದೆ. ಅಜ್ಜಿ ಸಿಟ್ಟಿಲೆ ಕಟ್ಟಿ ಮ್ಯಾಲ ಕಸಬರಗಿ ಬೀಸಿದ್ಲು. ಮೆಣಸಿನ ಧೂಳು ಭುಗ್ ಅಂತ ಎದ್ದಿತು. ಮೇಡಮ್ಮಾರ ಚಷ್ಮಾದ ಕೆಳಗಿಂದ ಕಣ್ಣೀರು ಧಾರಾಕಾರ. ಒರಸಿಕೊಳ್ಳಾಕ ಕೈ ಇಳಸಂಗಿಲ್ಲ, ಇನ್ನೊಂದು ಕೈಯಾಗ ನಿರಿಗಿ. ಹಂಗ ನಿಂತು ಅಳಾಕತ್ತಿದ್ರು.

ಹುಡುಗಿ ಕಟ್ಟಿಗೆ ಗದ್ದಾ ಹಚ್ಚಿ, ಮ್ಯಾಲ ನೋಡಿ, ಥೇಟ್ ನನ್ನ ದನಿಯೊಳಗ ಅಂದ್ಲು: "ಈಗ ಅಳಬ್ಯಾಡ್ರಿ ಮೇಡಂ. ಫೋಟೋ ಹೋದಮ್ಯಾಲ ಅಳ್ರಿ."

ಓಣಿಗೆ ಓಣಿನ ನನ್ನ ಕಡೆ ತಿರುಗಿತು. ನಾ ಟಾಕಿ ಹಿಂದ ಸರದು ನಿಂತೆ. ಅಷ್ಟರಾಗ ಮೊಬೈಲ್ ಟಿಣ್ ಅಂತು. ಹಾಜರಿ ಮುಟ್ಟಿತು.

ಮೇಡಮ್ಮಾರು ಇಳದು ಬಂದ್ರು. ಕಣ್ಣು ಬಿಡಾಕ ಆಗವಲ್ದು, ಅವ್ವಂದಿರು ಎಲ್ಲದಾರಂತ ಕೈಲೆ ತಡವರಸ್ಕೊಂತ, "ಕೇಂದ್ರ ಇಲ್ಲೇ ಇರತೈತಿ ನಮ್ಮವ್ವಾ, ಇಲ್ಲೇ ಇರತೈತಿ" ಅಂದ್ರು. ಹುಡುಗಿ ಆ ಕೈ ಹಿಡಕೊಂಡು ಮೆಟ್ಟಲ ಮ್ಯಾಲ ಕುಂದರಿಸಿದ್ಲು.

"ಫೋಟೋ ಹೋತ್ರಿ ಮೇಡಂ" ಅಂದ್ಲು. "ಈಗ ಅಳ್ರಿ."