ಅತ್ತೆಯವರು ಪೈಕ್ ಹಿಡಿಯುವ ಜಾಗ

ನನ್ನ ಅತ್ತೆ ಥೋರಾ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಮಂಡಿಗಳೆರಡೂ ಹೊಸವು, ಹಲ್ಲುಗಳು ಅವಕ್ಕಿಂತ ಹೊಸವು. ಒಂದು ಕಿವಿ ಕೇಳಿಸುವುದಿಲ್ಲ (ಯಾವ ಕಿವಿ ಎಂಬುದು ಮಾತಾಡುತ್ತಿರುವವರು ಯಾರು ಎಂಬುದರ ಮೇಲೆ ನಿರ್ಧಾರವಾಗುತ್ತದೆ). ಇಂಥವರು ಜುಲೈ ತಿಂಗಳಿಡೀ ದಿನಾ ಬೆಳಿಗ್ಗೆ ನಮ್ಮೆಲ್ಲರಿಗಿಂತ ಮುಂಚೆ ಎದ್ದು, ತಮ್ಮ ಹಳೇ ಹಳದಿ ಕಯಾಕ್ (ಒಬ್ಬರೇ ಕೂರುವ ಕಿರುದೋಣಿ) ಹತ್ತಿ ಟ್ಯಾಮರಾಕ್ ಸರೋವರಕ್ಕೆ ಇಳಿಯುತ್ತಾರೆ. ಎಂಟು ಗಂಟೆಗೆ ಮರಳುವಾಗ ಕಯಾಕಿನ ಪಕ್ಕದಲ್ಲಿ ಹಗ್ಗಕ್ಕೆ ಪೋಣಿಸಿದ ಮೀನುಗಳು ತೇಲಿಕೊಂಡು ಬರುತ್ತವೆ. ಒಂದೆರಡು ದುಂಡನೆಯ ಬಾಸ್ ಮೀನು, ಜೊತೆಗೆ ಒಂದಾದರೂ ತೋಳುದ್ದದ, ಚೂಪು ಹಲ್ಲಿನ ಪೈಕ್ ಮೀನು.

ಇನ್ನು ನಾನು. ಹೆಸರು ಓರಿನ್, ವಯಸ್ಸು ಐವತ್ತೆರಡು, ಮಂಡಿಗಳು ಹುಟ್ಟಿನಿಂದ ಬಂದವೇ. ನನ್ನ ಬಳಿ ಕಾಲಿನಿಂದ ತುಳಿದು ನಡೆಸುವ ಕಿತ್ತಳೆ ಬಣ್ಣದ ಕಯಾಕ್ ಇದೆ. ನೀರಿನಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರವಿದೆ. ನಾಲ್ಕು ಗಾಳದ ಕೋಲುಗಳಿವೆ. ಮೀನಿಗೆ ಕಾಣದ ಬಣ್ಣದ್ದು ಎಂದು ಅಂಗಡಿಯವನು ಆಣೆಯಿಟ್ಟು ಹೇಳಿದ ಟೋಪಿಯಿದೆ. ಈ ಸಕಲ ಸೈನ್ಯದೊಂದಿಗೆ ದಂಡೆತ್ತಿ ಹೋಗಿ ನಾನು ಗೆದ್ದು ತರುತ್ತಿದ್ದುದು ಹೆಚ್ಚಾಗಿ ನೀರಿನ ಕಳೆ.

"ಎಲ್ಲಿ ಹಿಡಿದ್ರಿ ಅತ್ತೆ?" ಎಂದು ಕೇಳಿದರೆ,

"ನೀರಲ್ಲಿ" ಎನ್ನುತ್ತಿದ್ದರು.

"ಅದು ಗೊತ್ತು. ಯಾವ ಕಡೆ?"

"ಒದ್ದೆ ಇರೋ ಕಡೆ."

ಆಮೇಲೆ ಆ ಕೇಳಿಸದ ಕಿವಿಯನ್ನು ನನ್ನ ಕಡೆ ತಿರುಗಿಸಿ ಮೀನು ಸೀಳಲು ಶುರುಮಾಡುತ್ತಿದ್ದರು. ಹನ್ನೊಂದು ಬೇಸಿಗೆ ಹೀಗೇ ಕಳೆದವು. ಹೊಟ್ಟೆಕಿಚ್ಚು ಎಂದು ನನ್ನ ಮಗಳು ಸಿಗ್ನೆ ಹೇಳುತ್ತಾಳೆ. ಅಲ್ಲ. ಅದು ಶುದ್ಧವಾದ, ವೈಜ್ಞಾನಿಕವಾದ, ನಿದ್ದೆಗೆಡಿಸುವ ಕುತೂಹಲ.

ಈ ಜುಲೈನಲ್ಲಿ ಆ ಕುತೂಹಲಕ್ಕೆ ಸರ್ಕಾರಿ ಮುದ್ರೆ ಬಿತ್ತು. ನನ್ನ ಹೆಂಡತಿ ಆರ್ಡಿಸ್ ಪಾತ್ರೆ ಒರೆಸುತ್ತಾ ಹೇಳಿದಳು:

"ಅಮ್ಮ ಒಬ್ಬಳೇ ಹೋಗೋದು ನನಗ್ಯಾಕೋ ಸರಿ ಕಾಣ್ತಿಲ್ಲ. ನಾಳೆ ನೀನು ಹಿಂದೆ ಹೋಗು. ಅವಳಿಗೆ ಗೊತ್ತಾಗಬಾರದು. ಕೈ ನಡುಗುತ್ತಾ, ದಾರಿ ತಪ್ತಾಳಾ, ಏನು ತಿಂತಾಳೆ, ಎಲ್ಲ ನೋಡ್ಕೊಂಡು ಬಾ."

"ನೋಡ್ಕೊಂಡು ಬಂದ ಮೇಲೆ?"

"ಏನಾದ್ರೂ ಹೆಚ್ಚುಕಮ್ಮಿ ಕಂಡ್ರೆ ಆ ಹಳದಿ ಕಯಾಕನ್ನ ಮಾರಿಬಿಡ್ತೀನಿ. ಮೊದಲೇ ಸಕ್ಕರೆ ಕಾಯಿಲೆ. ಬೇಕಾದ್ರೆ ದಡದಲ್ಲಿ ಕುರ್ಚಿ ಹಾಕ್ಕೊಂಡು ಮೀನು ಹಿಡೀಲಿ."

ನಾನು ಬಹಳ ಚಿಂತಿತನಾದವನಂತೆ ತಲೆಯಾಡಿಸಿದೆ. ಒಳಗೊಳಗೇ ಕುಣಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಐದೂವರೆಗೆ ಹುಟ್ಟು ನೀರಿಗೆ ತಾಗಿದ ಸದ್ದು ಕೇಳಿ ಎದ್ದೆ. ಹಳದಿ ಕಯಾಕ್ ಆಗಲೇ ಮಂಜಿನೊಳಗೆ ಕರಗುತ್ತಿತ್ತು. ನನ್ನದು ಕಿತ್ತಳೆ ಬಣ್ಣ, ಮೈಲಿ ದೂರದಿಂದ ಕಾಣುವಂಥದ್ದು. ಅದಕ್ಕೆ ಮನೆಯ ಹಿಂದಿನ ಸ್ಪ್ರೂಸ್ ಮರದ ಕೊಂಬೆಗಳನ್ನು ಮುರಿದು ಮುಂದೆ ಹಿಂದೆ ಕಟ್ಟಿದೆ. ಕೊಂಬೆ ಮುರಿದ ಶಬ್ದಕ್ಕೆ ಸಿಗ್ನೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಪ್ಪ, ಏನಿದು?"

"ಗುಟ್ಟಿನ ಕೆಲಸ. ಅಡಗಿ ಕೂರೋಕೆ."

ಹದಿನಾರರ ಹುಡುಗಿ, ಕಣ್ಣು ಪೂರ್ತಿ ತೆರೆಯದೆ ಒಂದು ನಿಮಿಷ ನೋಡಿದಳು. "ಕ್ರಿಸ್ಮಸ್ ಮರ ಮನೆ ಬಿಟ್ಟು ಓಡಿಹೋಗ್ತಿರೋ ಹಾಗಿದೆ" ಎಂದು ಹೇಳಿ ಕಿಟಕಿ ಮುಚ್ಚಿಕೊಂಡಳು.

ಅತ್ತೆ ಎಲ್ಲೂ ನಿಲ್ಲಲಿಲ್ಲ. ನಾನು ವರ್ಷಗಟ್ಟಲೆ ಬೆವರು ಸುರಿಸಿದ್ದ ಬಂಡೆಸಾಲನ್ನು ತಿರುಗಿಯೂ ನೋಡದೆ ದಾಟಿದರು. ಕೈ ನಡುಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಹಿಂದೆ ಉಳಿಯದಿರಲು ನನಗೇ ಏದುಸಿರು ಬಂತು. ಕೊನೆಗೆ ಬೀವರ್ ಪ್ರಾಣಿಗಳು ಮರ ಕಡಿದು ಕಟ್ಟೆ ಕಟ್ಟಿದ್ದ ಒಂದು ಚಿಕ್ಕ ಕೊಲ್ಲಿಗೆ ತಿರುಗಿದರು. ನಾನು ಜೊಂಡಿನೊಳಗೆ ನುಗ್ಗಿ, ದುರ್ಬೀನು ಕಣ್ಣಿಗಿಟ್ಟುಕೊಂಡು ಕೂತೆ. ಹನ್ನೊಂದು ವರ್ಷಗಳ ರಹಸ್ಯ ಇನ್ನೇನು ಬಯಲಾಗುವುದಿತ್ತು.

ಅತ್ತೆ ಕಾಲುಗಳನ್ನು ಕಯಾಕಿನ ಎರಡೂ ಬದಿಗೆ ನೀರಿಗೆ ಇಳಿಬಿಟ್ಟರು. ಕಾಫಿ ಪುಡಿಯ ಹಳೇ ಡಬ್ಬಿಯೊಂದನ್ನು ತೆರೆದರು. ಅದರಿಂದ ಎರೆಹುಳು ಬರುತ್ತದೆಂದು ನಾನು ಕಾದಿದ್ದರೆ ಬಂದದ್ದು ಡೋನಟ್. ಮೈತುಂಬ ಸಕ್ಕರೆ ಪುಡಿ ಹೊದ್ದ ಡೋನಟ್. ಅದನ್ನು ಅವಸರವಿಲ್ಲದೆ ಫ್ಲಾಸ್ಕಿನ ಕಾಫಿಯಲ್ಲಿ ಅದ್ದಿ ತಿಂದರು. ಇನ್ನೊಂದು ತಿಂದರು. ಲೂನ್ ಹಕ್ಕಿಯೊಂದು ಬೆನ್ನ ಮೇಲೆ ಮರಿ ಕೂರಿಸಿಕೊಂಡು ಹತ್ತಿರವೇ ಈಜಿ ಹೋಯಿತು. ಅದಕ್ಕೆ "ಹೆಂಗಿದ್ದೀಯವ್ವ?" ಎಂದು ಕೇಳಿದರು. ಗಾಳದ ಕೋಲು ಕಟ್ಟಿದ್ದಲ್ಲೇ ಇತ್ತು. ಅರ್ಧ ಗಂಟೆ ಕಳೆದರೂ ಅದನ್ನು ಅವರು ಮುಟ್ಟಲಿಲ್ಲ.

ಆಮೇಲೆ ಪಕ್ಕದ ಹಗ್ಗವನ್ನು ಮೇಲೆಳೆದರು. ಅದರಲ್ಲಿ ಎರಡೂವರೆ ಅಡಿಯ ಪೈಕ್ ಒಂದು ಬಾಲ ಬಡಿಯುತ್ತಿತ್ತು.

ನನ್ನ ತಲೆ ಗಿರ್ರೆಂದಿತು. ಗಾಳ ಹಾಕಿಲ್ಲ, ಬಲೆ ಬೀಸಿಲ್ಲ. ಮೀನು ತಾನೇ ಬಂದು ಹಗ್ಗಕ್ಕೆ ಪೋಣಿಸಿಕೊಂಡಿತೆ? ಇನ್ನೂ ಚೆನ್ನಾಗಿ ನೋಡೋಣವೆಂದು ಮುಂದಕ್ಕೆ ಬಾಗಿದೆ. ನನ್ನ ಗಾಳದ ಕೋಲಿನ ತುದಿಯ ಹೊಳೆಯುವ ತಗಡಿನ ಎರೆ ಜಾರಿ ನೀರಿಗೆ ಬಿದ್ದದ್ದು ನನಗೆ ತಿಳಿಯಲೇ ಇಲ್ಲ.

ತಿಳಿದದ್ದು ಇನ್ನೊಂದು ಪೈಕ್ ಮೀನಿಗೆ.

ಕಯಾಕ್ ಜೊಂಡನ್ನು ಸೀಳಿಕೊಂಡು ಹೊರಟಿತು. ನಾನು ತುಳಿಯುತ್ತಿರಲಿಲ್ಲ, ಎಳೆಯುತ್ತಿದ್ದವರು ಬೇರೆ. ಕೋಲು ಬಿಲ್ಲಾಗಿತ್ತು. ಸ್ಪ್ರೂಸ್ ಕೊಂಬೆಗಳ ಮಂಟಪದಲ್ಲಿ ಆಸೀನನಾದ ನಾನು, ಉತ್ಸವಮೂರ್ತಿಯಂತೆ, ಮೆರವಣಿಗೆಯಲ್ಲಿ ನೇರವಾಗಿ ಅತ್ತೆಯ ಕಡೆಗೇ ಹೋಗುತ್ತಿದ್ದೆ. ಅವರು ತಿರುಗಿ ನೋಡಲೂ ಇಲ್ಲ.

"ಬಾ ಓರಿನ್. ಕಾಫಿ ಇದೆ."

"ಅತ್ತೆ, ಇದು ನನ್ನನ್ನ ಎಳ್ಕೊಂಡು ಹೋಗ್ತಿದೆ."

"ಕಾಣ್ತಿದೆ. ದಾರ ಸಡಿಲ ಬಿಡು, ಅದಕ್ಕೂ ಸುಸ್ತಾಗಲಿ."

ಕೊಲ್ಲಿಯನ್ನು ಎರಡು ಸುತ್ತು ಹಾಕಿದ ಮೇಲೆ ಸುಸ್ತಾಯಿತು, ಇಬ್ಬರಿಗೂ. ಮೀನನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡೆ. ಪೈಕ್ ಬಾಯಿ ತೆರೆದಾಗ ಅದರ ಹಲ್ಲುಗಳನ್ನು ಅಷ್ಟು ಹತ್ತಿರದಿಂದ, ಅದರಲ್ಲೂ ಆ ಜಾಗದಲ್ಲಿ, ನೋಡಿದ ಯಾವ ಗಂಡಸೂ ಕೂತಿರಲಾರ. ನಾನು ಕಯಾಕನ್ನು ತ್ಯಾಗ ಮಾಡಿದೆ. ನೀರು ಸೊಂಟದ ಮಟ್ಟ, ಕೆಸರು ಮಂಡಿಯ ಮಟ್ಟ. ಸ್ವಲ್ಪ ಹೊತ್ತು ಮೀನು ನನ್ನ ಆಸನದಲ್ಲಿತ್ತು, ನಾನು ಮೀನಿನ ಜಾಗದಲ್ಲಿದ್ದೆ. ಬಳಿಕ ಅದು ಗಾಳವನ್ನು ಉಗುಳಿ, ಒಮ್ಮೆ ಚಿಮ್ಮಿ, ತನ್ನ ಮನೆಗೆ ಹೋಯಿತು.

ಅತ್ತೆ ಪಕ್ಕಕ್ಕೆ ಬಂದು ಡಬ್ಬಿ ಚಾಚಿದರು. ನೀರಿನಲ್ಲಿ ನಿಂತೇ ಒಂದು ಡೋನಟ್ ತಿಂದೆ.

"ಆರ್ಡಿಸ್ ಕಳಿಸಿದ್ಲಾ?"

"ಹೂಂ."

"ಏನು ಹೇಳ್ತೀಯ ಅವಳಿಗೆ?"

ನಾನು ಬೆರಳಿಗಂಟಿದ ಸಕ್ಕರೆ ನೆಕ್ಕಿದೆ. ಅತ್ತೆ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

"ವಾರಕ್ಕೆ ಒಂದು ಸಲ ತಿಂತೀನಿ ಅಷ್ಟೇ. ಗುರುವಾರ. ಡಾಕ್ಟರಿಗೂ ಗೊತ್ತು, ಮಗಳಿಗೆ ಗೊತ್ತಿಲ್ಲ. ನನ್ನ ಗಂಡ ಇದ್ದಾಗಿಂದ ಇಲ್ಲಿಗೆ ಬರ್ತೀನಿ ಓರಿನ್. ಮನೇಲಿ ದಿನಕ್ಕೆ ನಲವತ್ತು ಸಲ 'ಹುಷಾರು' ಕೇಳ್ತೀನಿ. ಇಲ್ಲಿ ಎರಡು ಗಂಟೆ ಯಾರೂ ಹಾಗನ್ನಲ್ಲ."

ನಲವತ್ತರಲ್ಲಿ ಆರೇಳು ನನ್ನವು.

"ನಾನೇನೂ ಹೇಳಲ್ಲ ಅತ್ತೆ" ಎಂದೆ. "ಆದ್ರೆ ಒಂದು ಮಾತು. ಆ ಮೀನು ಎಲ್ಲಿಂದ ಬಂತು?"

ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು. "ನಿಮ್ಮ ಮನೆ ಮುಂದೆ ದೋಣಿ ಕಟ್ಟೋ ಹಲಗೆಕಟ್ಟೆ ಕೆಳಗಿಂದ. ನಾಲ್ಕೂವರೆಗೆ ಅಲ್ಲೇ ಹಿಡಿದು ಕಟ್ಕೊಂಡು ಆಮೇಲೆ ಇಲ್ಲಿಗೆ ಬರ್ತೀನಿ. ಬರಿಗೈಲಿ ಹೋದ್ರೆ ಎರಡು ಗಂಟೆ ಏನು ಮಾಡಿದೆ ಅಂತ ಕೇಳ್ತೀರಲ್ಲ."

"ನಮ್ಮ ಕಟ್ಟೆ ಕೆಳಗಾ? ಅಲ್ಲಿ ಯಾಕೆ ಬರ್ತವೆ?"

"ನೀನು ಊಟ ಹಾಕ್ತೀಯಲ್ಲ, ಅದಕ್ಕೆ."

ಇಲ್ಲಿ ನಾನು ಓದುಗರಿಗೆ ಒಂದು ತಪ್ಪೊಪ್ಪಿಗೆ ಸಲ್ಲಿಸಬೇಕು. ಆರ್ಡಿಸ್ ನನ್ನ ಹೊಟ್ಟೆಯ ಹಿತಕ್ಕಾಗಿ ಗೋಧಿ ಹೊಟ್ಟಿನ ಮಫಿನ್ ಮಾಡುತ್ತಾಳೆ. ಹೊಟ್ಟೆಗೆ ಹೊಟ್ಟು, ಹೆಸರಿನಲ್ಲೇ ಹೊಂದಾಣಿಕೆ ಇದೆ; ಗಂಟಲಿಗೆ ಮಾತ್ರ ಒಪ್ಪಿಗೆಯಿಲ್ಲ. ದಿನಾ ಬೆಳಿಗ್ಗೆ "ಸರೋವರ ನೋಡ್ತಾ ತಿಂತೀನಿ" ಎಂದು ಹೇಳಿ ನಾನು ಅದನ್ನು ಹಲಗೆಕಟ್ಟೆಗೆ ಒಯ್ಯುತ್ತೇನೆ. ಅಲ್ಲಿ ಎರಡು ಹಲಗೆಗಳ ನಡುವೆ ಒಂದು ಅನುಕೂಲವಾದ ಸಂದು ಇದೆ.

"ಪುಡಿ ತಿನ್ನೋಕೆ ಸಣ್ಣ ಮೀನು ಬರ್ತವೆ" ಎಂದರು ಅತ್ತೆ. "ಅವನ್ನ ತಿನ್ನೋಕೆ ದೊಡ್ಡವು. ನನ್ನ ಕೋಣೆ ಕಿಟಕಿಯಿಂದ ಎಲ್ಲ ಕಾಣುತ್ತೆ. ಹನ್ನೊಂದು ವರ್ಷದಿಂದ ನಿನಗೆ ಥ್ಯಾಂಕ್ಸ್ ಹೇಳ್ಬೇಕು ಅಂದ್ಕೊಂಡಿದ್ದೆ."

ನಾವಿಬ್ಬರೂ ಜೊತೆಯಾಗಿ ಮರಳಿದೆವು. ಆರ್ಡಿಸ್ ಹಲಗೆಕಟ್ಟೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಕಣ್ಣು ತಾಯಿಯನ್ನು ದಾಟಿ, ಕೆಸರನ್ನು ದಾಟಿ, ನನ್ನ ಗಡ್ಡದ ಮೇಲೆ ನಿಂತಿತು.

"ಗಡ್ಡದಲ್ಲಿ ಅದೇನು ಬೆಳ್ಳಗೆ?"

ಮುಟ್ಟಿ ನೋಡಿದೆ. ಸಕ್ಕರೆ ಪುಡಿ.

"ಯಾರ ಹತ್ರ ಇತ್ತು ಸಕ್ಕರೆ?" ಅವಳು ಮೆಲ್ಲಗೆ ಹಳದಿ ಕಯಾಕಿನ ಕಡೆ ತಿರುಗಿದಳು. ಅತ್ತೆ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಆ ಕೈಗಳು ಆ ದಿನ ಮೊದಲ ಸಲ ನಡುಗಿದ್ದನ್ನು ನಾನು ಕಂಡೆ.

"ನನ್ನ ಹತ್ರ" ಎಂದೆ. "ಡೋನಟ್. ಆರು ತಂದಿದ್ದೆ. ಆರೂ ನಾನೇ ತಿಂದೆ."

"ಆರು?"

"ಅಮ್ಮಂಗೆ ಏನೂ ಆಗಿಲ್ಲ ಆರ್ಡಿಸ್. ನನಗಿಂತ ಚೆನ್ನಾಗಿ ಹುಟ್ಟು ಹಾಕ್ತಾರೆ. ಕಯಾಕ್ ಮಾರೋ ಮಾತೇ ಬೇಡ."

ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. ಈ ಉಪಕಾರಕ್ಕೆ ಪ್ರತಿಯಾಗಿ ನನ್ನ ಪರವಾಗಿ ಒಂದು ಒಳ್ಳೆಯ ಮಾತು ಬರುತ್ತದೆಂದು ನಾನು ಕಾದೆ.

"ಹೊಟ್ಟೆ ನೋಡು ಹೆಂಗಾಗಿದೆ" ಎಂದರು ಮಗಳಿಗೆ. "ಒಂದು ಮಫಿನ್ ಎಲ್ಲಿ ಸಾಕಾಗುತ್ತೆ ಇವನಿಗೆ? ದಿನಾ ಮೂರು ಕೊಡು. ಇಲ್ಲೇ ಕಟ್ಟೆ ಮೇಲೇ ತಿನ್ನಲಿ, ಗಾಳಿ ಒಳ್ಳೇದು."

ಮೂರು ಮಫಿನ್ನಿಗೆ ಎಷ್ಟು ಪೈಕ್ ಎಂಬ ಲೆಕ್ಕ ಅವರ ಮುಖದಲ್ಲಿ ಹೊಳೆಯುತ್ತಿತ್ತು.

"ಸರಿ ಅಮ್ಮ" ಎಂದಳು ಆರ್ಡಿಸ್. "ಆದ್ರೆ ಇನ್ಮೇಲೆ ಇವನನ್ನ ನಂಬೋ ಹಾಗಿಲ್ಲ. ಪೂರ್ತಿ ತಿಂದು ಮುಗಿಸೋವರೆಗೂ ನಾನೇ ಪಕ್ಕದಲ್ಲಿ ಕೂತಿರ್ತೀನಿ."

ಅತ್ತೆಯ ಮುಖದ ಹೊಳಪು ಆರಿಹೋಯಿತು. ನನ್ನದು ಮೊದಲೇ ಆರಿತ್ತು.

ಮರುದಿನ ಬೆಳಿಗ್ಗೆ ಹಲಗೆಕಟ್ಟೆಯ ಮೇಲೆ ಕೂತೆ, ತಟ್ಟೆಯಲ್ಲಿ ಮೂರು ಮಫಿನ್. ಕಾಲಡಿಯ ಸಂದಿಯಲ್ಲಿ ದೊಡ್ಡದೊಂದು ಬಾಸ್ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಬಾಸ್ ಕೂಡ ನನ್ನನ್ನೇ ನೋಡುತ್ತಿದ್ದಳು. ನಾನು ಮೊದಲನೆಯದನ್ನು ಬಾಯಿಗೆ ಹಾಕಿಕೊಂಡೆ.