ನೋಡಿದವನದೇ ಕುರಿ

ವಯಸ್ಸಾಗುತ್ತ ಬಂದಂತೆ ಕೆಲವರಿಗೆ ದೇವರ ಮೇಲೆ ಭಕ್ತಿ ಹುಟ್ಟುತ್ತದೆ, ಕೆಲವರಿಗೆ ಮುಂಜಾನೆಯ ವಾಕಿಂಗಿನ ಮೇಲೆ. ನನಗೆ ಐವತ್ತೆರಡನೇ ವಯಸ್ಸಿನಲ್ಲಿ ಸಾಮ್ರಾಜ್ಯ ಕಟ್ಟುವ ಹುಚ್ಚು ಹಿಡಿಯಿತು. ಟಿಕೋಟಾದ ಕಚೇರಿಯಲ್ಲಿ ಈ ಸಂಗತಿ ಯಾರಿಗೂ ಗೊತ್ತಿಲ್ಲ. ಅಲ್ಲಿ ನಾನು ಫೈಲುಗಳ ನಡುವೆ ಮುಖ ಗಂಟು ಹಾಕಿಕೊಂಡು ಕೂರುವ ಹಿರಿಯ ನೌಕರ. ರವಿವಾರ ಮಧ್ಯಾಹ್ನ ಮಾತ್ರ, ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿರುವ ನಮ್ಮ ಮನೆಯಲ್ಲಿ, ಲುಂಗಿ ಉಟ್ಟು ಕಂಪ್ಯೂಟರಿನ ಮುಂದೆ ಕೂತೆನೆಂದರೆ ಚಕ್ರವರ್ತಿ. ಊರ ತುಂಬ ಬಾದಶಹರ ಗೋರಿಗಳನ್ನು ನೋಡುತ್ತ ಬದುಕುವ ಗುಮಾಸ್ತನಿಗೆ ಇಷ್ಟಾದರೂ ಆಸೆ ಹುಟ್ಟಬಾರದೆ?

ಈ ಆಟವನ್ನು ಕಂಪ್ಯೂಟರಿಗೆ ಹಾಕಿದವಳು ನನ್ನ ಮಗಳು ವಿದ್ಯಾ. ಡಿಗ್ರಿ ಓದುತ್ತಾಳೆ. ಅವಳು ಒಂದು ವಾರ ಆಡಿ ಬಿಟ್ಟಳು, ನಾನು ಹಿಡಿದೆ. ಆಟ ಶುರುವಾದಾಗ ನಿಮಗಿರುವುದು ಒಂದು ಮನೆ, ಮೂರು ಮಂದಿ ಆಳು, ಒಬ್ಬ ಕುದುರೆ ಸವಾರ. ಕೋಟೆ, ಸೈನ್ಯ, ಫಿರಂಗಿ ಎಲ್ಲ ಆಮೇಲೆ. ಮೊದಲು ಹೊಟ್ಟೆಗೆ ಬೇಕು. ಅದಕ್ಕೆಂದು ಆಟ ಮಾಡಿದವರು ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಕುರಿ ನಿಲ್ಲಿಸಿರುತ್ತಾರೆ. ಅವಕ್ಕೆ ಮಾಲೀಕರಿಲ್ಲ. ನಿಮ್ಮ ಸವಾರ ಹೋಗಿ ಕುರಿಯನ್ನು ನೋಡಿದರೆ ಮುಗಿಯಿತು, ಅದರ ಬೆನ್ನ ಮೇಲೆ ನಿಮ್ಮ ಬಣ್ಣ ಮೂಡುತ್ತದೆ, ಅದು ನಿಮ್ಮದು. ನನ್ನ ಬಣ್ಣ ಯಾವಾಗಲೂ ನೀಲಿ. ನೀಲಿಯಾದ ಕುರಿಯನ್ನು ಮನೆಯ ಹತ್ತಿರ ಕರೆತಂದು ಕೊಯ್ದರೆ ಮೇಲ್ಗಡೆ ಆಹಾರದ ಅಂಕಿ ಏರುತ್ತ ಹೋಗುತ್ತದೆ. ಹೀಗೆ ಏಳೆಂಟು ಕುರಿ ತಿಂದ ಮೇಲೆ ನಾಗರಿಕತೆ ಆರಂಭ.

ನಾನು ಹುಟ್ಟಿದ್ದು ಮಮದಾಪುರದಲ್ಲಿ, ಕುರಿ ಕಾಯುವ ಮನೆಯಲ್ಲಿ. ಕುರಿಯ ವಿಷಯ ನನಗೆ ಮಗಳೇನು ಕಲಿಸುವುದು ಎಂಬ ಸೊಕ್ಕಿತ್ತು. ಮೊದಲ ದಿನವೇ ಸಿಕ್ಕ ಆರು ಕುರಿಗಳನ್ನು ಕೊಯ್ಯದೆ, ಹೊಸದಾಗಿ ಮಾಡಿದ ಹೊಲದ ನಡುವೆ ಸಾಲಾಗಿ ನಿಲ್ಲಿಸಿ, ಕೈ ಕಟ್ಟಿ ಕೂತೆ. ವಿದ್ಯಾ ಬಂದು ನೋಡಿದಳು.

"ಪಪ್ಪಾ, ಏನ್ ಮಾಡಾಕತ್ತೀರಿ?"

"ಗೊಬ್ಬರ ಆಗ್ಲಿ ತಡಿ. ನಾಲ್ಕ ದಿನ ಕುರಿ ನಿಲ್ಲಿಸಿದ್ರ ಜ್ವಾಳ ಹೆಂಗ ಬರತೈತಿ ನೋಡಂತ."

ನಮ್ಮ ಕಡೆ ಯಾವ ರೈತನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಬಿತ್ತುವ ಮೊದಲು ಕುರಿ ಹಿಂಡನ್ನು ಕರೆಸಿ ಹೊಲದಲ್ಲಿ ತಂಗಿಸುತ್ತಾರೆ. ಹಿಕ್ಕೆ ಬಿದ್ದ ಹೊಲ ಬೇರೆ, ಬೀಳದ ಹೊಲ ಬೇರೆ. ನನ್ನ ಅಪ್ಪ ಬಬಲೇಶ್ವರದವರೆಗೂ ಹೀಗೆ ಹಿಂಡು ನಿಲ್ಲಿಸಿ ಕಾಳು ತರುತ್ತಿದ್ದ. ಆದರೆ ಆಟ ಮಾಡಿದ ಮಹಾನುಭಾವರಿಗೆ ಕುರಿಯ ಮುಂಭಾಗ ಮಾತ್ರ ಗೊತ್ತು. ನಾನು ಗೊಬ್ಬರಕ್ಕೆ ಕಾಯುತ್ತಿರುವಾಗಲೇ ನನ್ನ ಮೂವರು ಪ್ರಜೆಗಳು ಕೆಲಸವಿಲ್ಲದೆ ನಿಂತಿದ್ದರು, ಆಹಾರ ಸೊನ್ನೆಗೆ ಬಂತು, ಪಕ್ಕದ ಕೆಂಪು ಬಣ್ಣದ ರಾಜ ಬಂದು ನನ್ನ ಮನೆ ಸುಟ್ಟ. ಗೊಬ್ಬರಕ್ಕೆ ಕಾದು ಸಾಮ್ರಾಜ್ಯ ಕಳೆದುಕೊಂಡ ಚಕ್ರವರ್ತಿ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ಆಮೇಲೆ ಮರಿ ಹಾಕುತ್ತವೆಂದು ಕಾದೆ. ಅವು ಮರಿಯನ್ನೂ ಹಾಕುವುದಿಲ್ಲ. ಎರಡು ಕುರಿ ಒಟ್ಟಿಗೆ ಕೊಯ್ದರೆ ತಿನ್ನುವುದರೊಳಗೆ ಒಂದರ ಮಾಂಸ ಕೆಡುತ್ತದೆ, ಅದೊಂದನ್ನು ಮಾತ್ರ ಸರಿಯಾಗಿ ಲೆಕ್ಕ ಹಾಕಿದ್ದಾರೆ.

ಇದೆಲ್ಲಕ್ಕಿಂತ ನನಗೆ ಸಂಕಟವಾದದ್ದು ಇನ್ನೊಂದು ನಿಯಮ. ನೀಲಿಯಾದ ಕುರಿ ನಮ್ಮದೇ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಅದರ ಹತ್ತಿರ ನಮ್ಮವರು ಯಾರೂ ಇಲ್ಲದಾಗ ಕೆಂಪು ರಾಜನ ಸವಾರ ಬಂದು ನೋಡಿದನೆಂದರೆ ಕುರಿ ಅಲ್ಲೇ ಕೆಂಪಾಗಿ ಅವನ ಹಿಂದೆ ಹೊರಟುಬಿಡುತ್ತದೆ. ತಿರುಗಿ ಕೂಡ ನೋಡುವುದಿಲ್ಲ. ನಾನು ಬೈದುಕೊಂಡಾಗ ವಿದ್ಯಾ ಹೇಳಿದಳು: "ಕುರಿ ಹತ್ರ ನಮ್ಮವರು ಯಾರರ ಒಬ್ಬರು ಇರಬೇಕ್ರಿ ಪಪ್ಪಾ. ಇಲ್ಲಂದ್ರ ಮಂದಿ ಪಾಲು." ಆಟದ ಮಾತೆಂದು ಆಗ ತಲೆಯಾಡಿಸಿದೆ.

ಈಗ ನನ್ನ ನಿಜವಾದ ಕುರಿಗಳ ವಿಷಯಕ್ಕೆ ಬರುತ್ತೇನೆ. ಹೌದು, ನನಗೆ ಕುರಿಗಳಿವೆ. ಅಪ್ಪ ತೀರಿಕೊಂಡ ಮೇಲೆ ಹಿಂಡು ಪಾಲಾಗಲಿಲ್ಲ. ಅಣ್ಣ ಮಾಳಪ್ಪ ಮಮದಾಪುರದಲ್ಲೇ ಉಳಿದು ಅದನ್ನು ಕಾಯುತ್ತ ಬಂದ. ನಾನು ಸಾಲಿ ಕಲಿತು ನೌಕರಿ ಹಿಡಿದೆ. ವರ್ಷಕ್ಕೊಮ್ಮೆ ದೀಪಾವಳಿಗೆ ಹೋಗಿ, ಕೆರೆಯ ಏರಿಯ ಮೇಲೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಹಿಂಡು ನೋಡುತ್ತೇನೆ. ಆಗ ಅಣ್ಣ ತಪ್ಪದೆ ಹೇಳುತ್ತಾನೆ: "ಅರ್ಧ ನಿಂದ ಐತಿ ನೋಡಪಾ." ನಾನು "ಇರಲಿ ಬಿಡಣ್ಣಾ" ಎಂದು ದೊಡ್ಡ ಮನಸ್ಸಿನವನಂತೆ ನಕ್ಕು, ಸಂಜೆಯ ಬಸ್ಸಿಗೆ ವಿಜಯಪುರ ಸೇರುತ್ತೇನೆ.

ಮೊನ್ನೆ ನನಗೆ ಬಡ್ತಿ ಬಂತು. ಕಚೇರಿಯಲ್ಲಿ ಎಲ್ಲರೂ ಊಟ ಕೇಳಿದರು. ನಾನು ಸುಮ್ಮನೆ ಹ್ಞೂಂ ಅನ್ನಬಹುದಿತ್ತು. ಬಾಯಿ ಸುಮ್ಮನಿರಬೇಕಲ್ಲ! "ಅಂಗಡಿ ಖಂಡ ಯಾಕ್ರಿ, ನಮ್ಮದ ಹಿಂಡ ಐತಿ, ಮೂರು ಟಗರು ತರಸ್ತೇನಿ," ಎಂದೆ. ಆ ದಿನದಿಂದ ಕಚೇರಿಯಲ್ಲಿ ನನ್ನ ಬಡ್ತಿಗಿಂತ ನನ್ನ ಟಗರುಗಳ ಮರ್ಯಾದೆ ಹೆಚ್ಚಾಯಿತು. ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ ಅವುಗಳ ಯೋಗಕ್ಷೇಮ ವಿಚಾರಿಸತೊಡಗಿದರು. ಆದರೆ ಅಣ್ಣನನ್ನು ಕೇಳುವುದು ಬಾಕಿ ಇತ್ತು, ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಮೂರು ಟಗರು ಹೋದರೆ ಹಿಂಡೇನೂ ಕರಗುವುದಿಲ್ಲ. ನನ್ನ ಅಳುಕು ಬೇರೆ. ಅಣ್ಣ ಅಕಸ್ಮಾತ್ "ನಿನಗೇನು ಹಕ್ಕೈತಿ" ಅಂದುಬಿಟ್ಟರೆ ಮಮದಾಪುರದಲ್ಲಿ ನಾನು ಮನೆಯವನಲ್ಲ, ನೆಂಟ. ಆ ಒಂದು ಮಾತು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಹೀಗಿರುವಾಗ ಒಂದು ರವಿವಾರ ಅಣ್ಣನೇ ಬಂದ. ಗಾಂಧಿ ಚೌಕದಲ್ಲಿ ಕುರಿಗಳಿಗೆ ಜಂತಿನ ಔಷಧ ಕೊಂಡು, ಬಸ್ಸಿಗೆ ಹೊತ್ತಿದೆಯೆಂದು ಮನೆಗೆ ಬಂದಿದ್ದ. ಹೆಗಲ ಮೇಲಿನ ಕಂಬಳಿಯನ್ನು ಮಡಿಚಿ ಕುರ್ಚಿಯ ಮೇಲೆ ಹಾಕಿ, ಅದರ ಮೇಲೆ ಕೂತು, ನಾನು ಆಡುವುದನ್ನು ಚಹಾ ಕುಡಿಯುತ್ತ ನೋಡಿದ.

"ಇವಕ್ಕೆಲ್ಲಾ ಒಂದ ನಮೂನಿ ಮಾರಿ ಅದಾವಲ್ಲೋ. ಗುರ್ತು ಹೆಂಗ ಹಿಡೀತಿ?"

"ಗುರ್ತು ಹಿಡಿಯೂದ ಬೇಕಾಗಿಲ್ಲಣ್ಣಾ. ನೋಡಿದ್ರ ಸಾಕು, ನಮ್ಮವಾಗ್ತಾವ."

"ಬರೇ ನೋಡಿದ್ರ?"

"ಬರೇ ನೋಡಿದ್ರ."

ಅಣ್ಣ ಒಂದು ಗುಟುಕು ಚಹಾ ಕುಡಿದ. "ಮತ್ತ ಕಾಯಾಂವ ಯಾರು?"

"ಯಾರೂ ಕಾಯಂಗಿಲ್ಲ. ತಾವ ಮೇಯ್ತಾವ."

"ಭಾಳ ಚಲೋ ಆಟ ಐತಿ ಬಿಡು," ಎಂದ. ಅದನ್ನು ನಾನು ಹೊಗಳಿಕೆಯೆಂದೇ ತಿಳಿದೆ. ಒಳ್ಳೆಯ ಗಳಿಗೆ ಎನಿಸಿ, ಪರದೆಯಿಂದ ಕಣ್ಣು ತೆಗೆಯದೆ, ಮೂರು ಟಗರಿನ ಮಾತೆತ್ತಿದೆ. ಅಣ್ಣ ಸಿಟ್ಟಾಗಲಿಲ್ಲ. "ಕೇಳೂದೇನೈತೋ ತಮ್ಮಾ, ಅರ್ಧ ನಿಂದ ಐತಿ. ಬರೂ ರವಿವಾರ ಬಾ. ನಿನ್ನವು ನೀನ ಆರಿಸ್ಕೊಂಡು ಹೋಗು," ಎಂದು ಕಂಬಳಿ ಹೆಗಲಿಗೇರಿಸಿದ. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಆ ದಿನ ಕೆಂಪು ರಾಜನನ್ನೂ ಸೋಲಿಸಿದೆ.

ಮುಂದಿನ ರವಿವಾರ ಬಬಲೇಶ್ವರದ ಮೇಲೆ ಹೋಗುವ ಬಸ್ಸು ಹಿಡಿದು ಮಮದಾಪುರ ಸೇರಿದೆ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಬೂಟು. ಕೆರೆಯ ಪಕ್ಕದ ಬಯಲಿನಲ್ಲಿ ಹಿಂಡು ಮೇಯುತ್ತಿತ್ತು. ನಾಯಿ ನನ್ನನ್ನು ಕಂಡು ಬೊಗಳಿತು, ಅಣ್ಣ ಗದರಿಸಿದ. "ಹ್ಞೂಂ, ಆರಿಸು," ಎಂದ.

ಆರಿಸಬೇಕು! ಚಿಕ್ಕವನಿದ್ದಾಗ ಮೊಟಕಿವಿ, ಬಿಳಿಮೂತಿ, ಕುಂಟಿ ಅಂತ ಪ್ರತಿಯೊಂದರ ಹೆಸರು ಒಪ್ಪಿಸಿದ ಮೇಲೆಯೇ ಅಪ್ಪ ರೊಟ್ಟಿಗೆ ಕೈ ಹಾಕಲು ಬಿಡುತ್ತಿದ್ದ. ಒಂದು ಹೆಸರು ತಪ್ಪಿದರೆ ಅವ್ವ ಹಿಂದಿನಿಂದ ಬಾಯಿ ಸನ್ನೆ ಮಾಡಿ ಹೇಳಿಕೊಡುತ್ತಿದ್ದಳು. ಈಗ ನನ್ನೆದುರು ಎಂಬತ್ತು ಕುರಿಗಳಿದ್ದವು, ಆಟದ ಕುರಿಗಳಿಗಿಂತ ಹೆಚ್ಚಿನ ಗುರುತು ಒಂದರದೂ ಸಿಗಲಿಲ್ಲ. ಎಲ್ಲದರ ಬೆನ್ನಿಗೂ ಅಣ್ಣ ಹಚ್ಚಿದ ಕೆಂಪು ಬಣ್ಣ. ಸುಮ್ಮನೆ ನಿಂತರೆ ಮಾನ ಹೋಗುತ್ತದೆಂದು ಕಣ್ಣು ಸಣ್ಣ ಮಾಡಿ, ತಿಳಿದವನ ಹಾಗೆ ಅತ್ತಿತ್ತ ನಡೆದೆ. ಆಗ ನಡುವೆ ಒಂದು ಟಗರು ಕಣ್ಣಿಗೆ ಬಿತ್ತು. ತುಂಬಿದ ಮೈ, ಸುರುಳಿ ಕೊಂಬು, ಬೆನ್ನ ಮೇಲೆ ನೀಲಿ ಬಣ್ಣ. ನನ್ನ ಪಾಲಿನದೆಂದು ಅಣ್ಣ ಬೇರೆ ಬಣ್ಣ ಹಚ್ಚಿಟ್ಟಿದ್ದಾನೆ ಎಂದುಕೊಂಡು ನನಗೆ ಕಣ್ಣು ತುಂಬಿ ಬಂತು. ಸುಳ್ಳು ಹೇಳುವುದಿಲ್ಲ, ನಿಜವಾಗಿ ತುಂಬಿ ಬಂತು.

"ಮೊದಲ ಇದ," ಎಂದು ಗಟ್ಟಿಯಾಗಿ ಬೆರಳು ತೋರಿಸಿದೆ. "ನೋಡಿದ ಕೂಡ್ಲೆ ಗುರ್ತು ಹಿಡಿದೆ, ನಮ್ಮದು."

ಅಣ್ಣ ಒಮ್ಮೆ ಟಗರನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಕೋಲೂರಿಕೊಂಡು ನೆಲದ ಮೇಲೆ ಕೂತೇಬಿಟ್ಟ. ನಗು ತಡೆಯಲಾಗದೆ ಅವನ ಹೆಗಲು ಕುಣಿಯುತ್ತಿತ್ತು.

"ಅದು ಸಿದ್ದಪ್ಪಂದೋ ಯಪ್ಪಾ! ಮುಂಜಾನೆ ಕೆರಿ ಆ ದಂಡಿಗಿದ್ದ ಅವನ ಹಿಂಡಿನಿಂದ ತಪ್ಪಿಸ್ಕೊಂಡು ಬಂದು ನಮ್ಮದರಾಗ ಕೂಡೇತಿ. ಸಂಜಿಕ ಹೊಡಕೊಂಡು ಹೋಗಿ ಕೊಟ್ಟು ಬರಬೇಕು. ಎಂಬತ್ತು ಕುರ್ಯಾಗ ನಮ್ಮದಲ್ಲದ್ದು ಅದೊಂದ ಇತ್ತು, ಅದನ್ನ ಹಿಡದಿಯಲ್ಲೋ!"

ನಾನು ಕೆರೆಯ ಕಡೆ ನೋಡುತ್ತ ನಿಂತೆ. ಬೂಟಿಗೆ ಹಿಕ್ಕೆ ಮೆತ್ತಿತ್ತು. ನಗು ಮುಗಿದ ಮೇಲೆ ಅಣ್ಣ ಕಣ್ಣೊರೆಸಿಕೊಂಡು, ಸಿಟ್ಟಿಲ್ಲದ ದನಿಯಲ್ಲಿ, ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತೆಂಬಂತೆ ಹೇಳಿದ: "ವರ್ಷಾ ವರ್ಷಾ ಅರ್ಧ ನಿಂದ ಐತಿ ಅಂತ ಹೇಳ್ತೇನಿ. ಯಾವ ಅರ್ಧ ಅಂತ ಒಮ್ಮೆರ ಕೇಳಿಯೇನೋ?"

ಹಕ್ಕಿಲ್ಲ ಎಂದಿದ್ದರೆ ಜಗಳ ಆಡಬಹುದಿತ್ತು. "ಟಗರು ಬ್ಯಾಡಣ್ಣಾ," ಎಂದೆ. ಅವನೂ ಒತ್ತಾಯ ಮಾಡಲಿಲ್ಲ. ಗಂಟು ಬಿಚ್ಚಿ ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಬೂಟು ಕಳಚಿಟ್ಟು ಅವನ ಪಕ್ಕದಲ್ಲಿ ಕೂತು ತಿಂದೆ. ಸಂಜೆ ಸಿದ್ದಪ್ಪನ ಟಗರನ್ನು ಅವನ ಹಿಂಡಿಗೆ ಮುಟ್ಟಿಸಿ ಬರುವ ಕೆಲಸವನ್ನು ಅಣ್ಣ ನನಗೇ ವಹಿಸಿದ. ಇಡೀ ಬಯಲಿನಲ್ಲಿ ನನಗೆ ಗುರುತಿದ್ದದ್ದು ಅದೊಂದೇ ನೋಡಿ.

ಕಚೇರಿಯವರಿಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಊಟವಾಯಿತು. "ನಿಮ್ಮ ಟಗರು ಎಲ್ಲಿ ಅದಾವ್ರಿ?" ಎಂದು ಜವಾನ ಎಲ್ಲರ ಮುಂದೆ ಕೇಳಿದ. "ಮೇಯಾಕ ಹೋಗ್ಯಾವ," ಎಂದು ಇನ್ನೊಂದು ಹೋಳಿಗೆ ಬಡಿಸಿದೆ. ಸಾಮ್ರಾಜ್ಯ ಕಟ್ಟುವುದು ಸದ್ಯ ನಿಂತಿದೆ. ತಿಂಗಳಿಗೆರಡು ರವಿವಾರ ಹಳೆಯ ಚಪ್ಪಲಿ ಹಾಕಿಕೊಂಡು ಮಮದಾಪುರದ ಬಸ್ಸು ಹತ್ತುತ್ತೇನೆ. ಅಣ್ಣ ಹೆಸರು ಹೇಳುತ್ತಾನೆ, ನಾನು ಒಪ್ಪಿಸುತ್ತೇನೆ, ತಪ್ಪಿದರೆ ಈಗ ಬಾಯಿ ಸನ್ನೆ ಮಾಡಲು ಅವ್ವ ಇಲ್ಲ. ನಾಯಿ ಬೊಗಳುವುದನ್ನು ಬಿಟ್ಟಿದೆ. ನಾಲ್ಕು ತಿಂಗಳಲ್ಲಿ ಒಂಬತ್ತು ಮುಖಗಳು ತಪ್ಪಿಲ್ಲದೆ ಗುರುತಾಗಿವೆ. ಅದರಲ್ಲಿ ಒಂದು ಸಿದ್ದಪ್ಪನ ಟಗರಿನದು.